ಗಗನಯಾತ್ರಿ ರೂಪುಗೊಳ್ಳುವ ಬಗೆ: ವಿಮಾನಪುರದಿಂದ ಕಕ್ಷೆಯವರೆಗೆ

ಚಕ್ಕೋತ ಹಣ್ಣಿಗೂ ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬ ಖ್ಯಾತಿಗೂ ಹೆಸರಾದ ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಅದರ ಬೆನ್ನಿಗೇ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ತಾಲ್ಲೂಕಿನ ಹೆಸರು ಮತ್ತೊಂದು ಕಾರಣಕ್ಕಾಗಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಭಾರತದ ಗಗನಯಾತ್ರಿಗಳಿಗೆ ತರಬೇತಿ ನೀಡುವ ಕೇಂದ್ರವೊಂದನ್ನು ಹೊಸ ವಿಮಾನ ನಿಲ್ದಾಣದ ಸಮೀಪ ಸ್ಥಾಪಿಸಲು ಇಸ್ರೊ ಉದ್ದೇಶಿಸಿತ್ತು. 2007ರ ಜನವರಿಯಲ್ಲಿ ಕಕ್ಷೆಯಿಂದ ಪುಟ್ಟ ಕೋಶವೊಂದನ್ನು ಮರಳಿ ಬಂಗಾಳಕೊಲ್ಲಿಗೆ ಇಳಿಸಿ ಸುರಕ್ಷಿತವಾಗಿ ಮೇಲೆತ್ತಿದ್ದ ಸಂಸ್ಥೆ, 2015ರ ಸುಮಾರಿಗೆ ಮನುಷ್ಯರನ್ನೇ ಕಳುಹಿಸುವ ಗುರಿ ಹಾಕಿಕೊಂಡಿದ್ದ ಕಾಲವದು.

ಗುರಿ ಮುಂದಕ್ಕೆ ಹೋಯಿತು. ದೇವನಹಳ್ಳಿಯಲ್ಲಿ ಕೇಂದ್ರ ತಲೆಯೆತ್ತಲಿಲ್ಲ. 2020ರ ಆರಂಭದಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಇಂತಹ ಸೌಕರ್ಯಗಳನ್ನು ನಿರ್ಮಿಸುವ ಪ್ರಸ್ತಾಪ ಕೇಳಿಬಂದಿತು. ಪ್ರಯಾಣಿಕರ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣವನ್ನು ತೊರೆದು ದೇವನಹಳ್ಳಿಗೆ ವಲಸೆ ಹೋದರೂ, ಗಗನಯಾತ್ರೆಯ ಪೂರ್ವಸಿದ್ಧತೆ ಮಾತ್ರ ಹಳೆಯ ಜಾಗ ಬಿಟ್ಟು ಕದಲಲಿಲ್ಲ. ಹಳೆ ವಿಮಾನ ನಿಲ್ದಾಣ ರಸ್ತೆಯ ವಾಹನ ದಟ್ಟಣೆಯಲ್ಲಿ ದಿನವೂ ಸಿಲುಕುವವರಲ್ಲಿ ಎಷ್ಟು ಮಂದಿ ವಿಮಾನಪುರದ ಆ ಆವರಣದತ್ತ ಕಣ್ಣು ಹಾಯಿಸಿರಬಹುದೋ ತಿಳಿಯದು. ಬಾಹ್ಯಾಕಾಶಕ್ಕೆ ಹೋಗಿಬಂದ ಭಾರತೀಯ ಪ್ರಜೆಗಳಾದ ರಾಕೇಶ್ ಶರ್ಮಾ ಮತ್ತು ಶುಭಾಂಶು ಶುಕ್ಲಾ, ಇಬ್ಬರ ದಾರಿಯೂ ಮೊದಲು ಹಾದುಹೋದದ್ದು ಬೆಂಗಳೂರಿನ ವಾಯುಪಡೆಯ ವೈದ್ಯರ ಕೈಯಿಂದಲೇ.

ವಿಮಾನಪುರದ ಪರೀಕ್ಷೆ

ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂಬ ಈ ಸಂಸ್ಥೆ 1957ರಲ್ಲಿ ವೈಮಾನಿಕ ವೈದ್ಯಕೀಯದ ಶಾಲೆಯಾಗಿ ಆರಂಭವಾಯಿತು. ಅತಿ ಎತ್ತರದಲ್ಲಿ, ಅತಿ ವೇಗದಲ್ಲಿ ಹಾರುವವನ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಅಭ್ಯಸಿಸುವುದು ಇದರ ಕಾಯಕ. ಯುದ್ಧವಿಮಾನದ ಚಾಲಕರನ್ನು ಪರೀಕ್ಷಿಸಲು ಬೇಕಾದ ಉಪಕರಣಗಳು ಇಲ್ಲಿ ಮೊದಲೇ ಇದ್ದುದರಿಂದ, ಗಗನಯಾತ್ರಿಗಳ ಆಯ್ಕೆಯ ಹೊಣೆಯೂ ಸಹಜವಾಗಿ ಇಲ್ಲಿಗೇ ಬಂದಿತು.

ಸೋವಿಯತ್ ಒಕ್ಕೂಟದೊಡನೆ ಜಂಟಿ ಯಾನಕ್ಕೆ 1982ರಲ್ಲಿ ವಾಯುಪಡೆಯ ಪರೀಕ್ಷಾ ಚಾಲಕರಾದ ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಆಯ್ಕೆಯಾದರು. ಆ ಆಯ್ಕೆಯ ಸಂದರ್ಭದಲ್ಲಿ ಶರ್ಮಾ ಅವರನ್ನು ಬೆಂಗಳೂರಿನ ವಾಯುಪಡೆಯ ಆವರಣವೊಂದರ ಕೋಣೆಯಲ್ಲಿ ಕೃತಕ ಬೆಳಕಿನಡಿ 72 ಗಂಟೆಗಳ ಕಾಲ ಕೂಡಿಹಾಕಲಾಗಿತ್ತು. ಇಕ್ಕಟ್ಟಿನ ಜಾಗದ ಭಯ ಮನಸ್ಸಿನ ಮೂಲೆಯಲ್ಲೆಲ್ಲಾದರೂ ಅಡಗಿದೆಯೇ ಎಂದು ಕಂಡುಕೊಳ್ಳುವುದು ಇದರ ಉದ್ದೇಶವಾಗಿತ್ತೆಂದು ಅವರು ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಸಾವಿರಾರು ಅಡಿ ಎತ್ತರದಲ್ಲಿ ಒಬ್ಬಂಟಿಯಾಗಿ ವಿಮಾನ ನಡೆಸಿದ ಯೋಧನಿಗೂ ತನ್ನಲ್ಲಿ ಅಂತಹ ಭಯವಿದೆಯೆಂಬುದು ಗೊತ್ತಿರದೇ ಇರಬಹುದು. ಅದನ್ನು ಭೂಮಿಯ ಮೇಲೆಯೇ ಅರಿಯುವುದು ಒಳಿತು.

2018ರ ಸ್ವಾತಂತ್ರ್ಯ ದಿನದಂದು ಗಗನಯಾನ ಯೋಜನೆ ಘೋಷಣೆಯಾದ ಬಳಿಕ ಕೆಲಸ ಮತ್ತೆ ಚುರುಕಾಯಿತು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೊದ ಮಾನವಸಹಿತ ಬಾಹ್ಯಾಕಾಶ ಯಾನ ಕೇಂದ್ರ ಅಸ್ತಿತ್ವಕ್ಕೆ ಬಂದಿತು. ಅದೇ ವರ್ಷ ಇಸ್ರೊ ಮತ್ತು ವಾಯುಪಡೆ ಒಪ್ಪಂದ ಮಾಡಿಕೊಂಡವು. ಸೆಪ್ಟೆಂಬರ್ ವೇಳೆಗೆ ವಿಮಾನಪುರದಲ್ಲಿ ಮೊದಲ ಹಂತದ ಆಯ್ಕೆ ಮುಗಿಯಿತು. ದೈಹಿಕ ಕ್ಷಮತೆಯ ಪರೀಕ್ಷೆ, ರಕ್ತ ಮತ್ತು ಕ್ಷ-ಕಿರಣ ತಪಾಸಣೆ, ಮನೋವೈಜ್ಞಾನಿಕ ಮೌಲ್ಯಮಾಪನ ಎಲ್ಲವೂ ಅದರಲ್ಲಿದ್ದವು. ಇಂತಹ ಆಯ್ಕೆಯಲ್ಲಿ ಹಲ್ಲಿಗೂ ಬಹಳ ಮಹತ್ವವಿದೆಯೆಂದರೆ ಓದುಗರಿಗೆ ಅಚ್ಚರಿಯಾದೀತು. ಸರಿಯಾಗಿ ತುಂಬದ ಹುಳುಕುಹಲ್ಲಿನಲ್ಲಿ ಸಿಕ್ಕಿಕೊಂಡ ಗಾಳಿ, ಸುತ್ತಲಿನ ಒತ್ತಡ ಕಡಿಮೆಯಾದೊಡನೆ ಹಿಗ್ಗಿ ಅಸಾಧ್ಯ ನೋವು ಕೊಡುತ್ತದೆ. ಕಕ್ಷೆಯಲ್ಲಿ ದಂತವೈದ್ಯರಿಲ್ಲ.

ಕೊನೆಗೆ ಉಳಿದವರು ನಾಲ್ವರು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ. ಅವರ ಹೆಸರುಗಳು ಬಹಿರಂಗವಾದದ್ದು 2024ರ ಫೆಬ್ರುವರಿ 27ರಂದು. ಅಷ್ಟರಲ್ಲಿ ಅವರ ಸಿದ್ಧತೆ ಆರಂಭವಾಗಿ ನಾಲ್ಕು ವರ್ಷಗಳೇ ಕಳೆದಿದ್ದವು.

ತೂಕ ಹೆಚ್ಚಾದಾಗ, ತೂಕವೇ ಇಲ್ಲದಾಗ

ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ತಲೆಯ ಸುತ್ತ ರಭಸದಿಂದ ತಿರುಗಿಸಿದರೆ ಒಂದು ಹನಿಯೂ ಚೆಲ್ಲುವುದಿಲ್ಲ. ನೀರು ತಂಬಿಗೆಯ ತಳಕ್ಕೆ ಒತ್ತಿಕೊಂಡಿರುತ್ತದೆ. ಸೆಂಟ್ರಿಫ್ಯೂಜ್ ಎಂಬ ಯಂತ್ರದ ತತ್ವವೂ ಇಷ್ಟೇ. ಉದ್ದನೆಯ ತೋಳೊಂದರ ತುದಿಯಲ್ಲಿ ಪುಟ್ಟ ಕೋಣೆಯಿರುತ್ತದೆ. ತಂಬಿಗೆಯ ನೀರಿನ ಸ್ಥಾನದಲ್ಲಿ ಅದರೊಳಗೆ ಮನುಷ್ಯ ಕುಳಿತಿರುತ್ತಾನೆ. ತೋಳು ತಿರುಗುವ ವೇಗ ಹೆಚ್ಚಿದಂತೆ ಅವನ ತೂಕವೂ ಹೆಚ್ಚುತ್ತ ಹೋಗುತ್ತದೆ. ಭೂಮಿಯ ಸಹಜ ಸೆಳೆತವನ್ನು 1 ಜಿ ಎಂದು ಗುರುತಿಸಿದರೆ, 4 ಜಿಯಲ್ಲಿ 60 ಕಿಲೋ ತೂಕದ ವ್ಯಕ್ತಿಗೆ ತಾನು 240 ಕಿಲೋ ಭಾರವಿದ್ದೇನೆ ಎನಿಸುತ್ತದೆ. ಕೈಯೆತ್ತುವುದು ಕಷ್ಟ, ಉಸಿರೆಳೆದುಕೊಳ್ಳುವುದು ಇನ್ನೂ ಕಷ್ಟ.

ಯುದ್ಧವಿಮಾನದ ಚಾಲಕನಿಗೂ ಗಗನಯಾತ್ರಿಗೂ ಇಲ್ಲೊಂದು ವ್ಯತ್ಯಾಸವುಂಟು. ಚಾಲಕ ನೆಟ್ಟಗೆ ಕುಳಿತಿರುವುದರಿಂದ ಭಾರ ತಲೆಯಿಂದ ಕಾಲಿನತ್ತ ಎಳೆಯುತ್ತದೆ. ರಕ್ತ ಮಿದುಳನ್ನು ಬಿಟ್ಟು ಕೆಳಗಿಳಿದು ಕಣ್ಣು ಕತ್ತಲಿಡುತ್ತದೆ. ಗಗನಯಾತ್ರಿ ಬೆನ್ನ ಮೇಲೆ ಮಲಗಿದ ಭಂಗಿಯಲ್ಲಿರುತ್ತಾನೆ. ಭಾರವೆಲ್ಲ ಎದೆಯ ಮೇಲೆ ಬೀಳುತ್ತದೆ, ಆದರೆ ಪ್ರಜ್ಞೆ ತಪ್ಪುವ ಸಂಭವ ಕಡಿಮೆ. ಆದುದರಿಂದ ಅವನು ಎದೆಗೂಡನ್ನು ಬಿಗಿಹಿಡಿದು ಹೊಟ್ಟೆಯಿಂದ ಉಸಿರಾಡುವ ಕ್ರಮವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ರಷ್ಯಾದ ಸೊಯುಜ್ ನೌಕೆಯಲ್ಲಿ ಪ್ರತಿಯೊಬ್ಬ ಯಾತ್ರಿಯ ಬೆನ್ನಿನ ಅಚ್ಚು ತೆಗೆದು, ಅವನಿಗೆ ಮಾತ್ರ ಒಪ್ಪುವ ಆಸನದ ಒಳಪದರವನ್ನು ತಯಾರಿಸುವುದೂ ಈ ಭಾರವನ್ನು ಮೈಯೆಲ್ಲ ಸಮನಾಗಿ ಹಂಚುವುದಕ್ಕಾಗಿಯೇ.

ಭಾರ ಹೆಚ್ಚಿಸಲು ಯಂತ್ರವುಂಟು. ಭಾರವನ್ನು ಇಲ್ಲವಾಗಿಸಲು ಭೂಮಿಯ ಮೇಲೆ ಅಂತಹ ಯಂತ್ರ ಯಾವುದೂ ಇಲ್ಲ. ವಿಶೇಷ ವಿಮಾನವೊಂದನ್ನು ಮೇಲಕ್ಕೇರಿಸಿ, ಎಸೆದ ಕಲ್ಲು ಸಾಗುವ ಬಾಗುರೇಖೆಯಲ್ಲಿ ಅದನ್ನು ನಡೆಸಿದರೆ ಒಳಗಿದ್ದವರು 20ರಿಂದ 25 ಸೆಕೆಂಡುಗಳ ಕಾಲ ತೇಲಾಡುತ್ತಾರೆ. ಅಷ್ಟರಲ್ಲೇ ಅಂಗಿ ತೊಡುವ, ನೀರು ಕುಡಿಯುವ, ವಸ್ತುವೊಂದನ್ನು ಹಿಡಿದು ಸಾಗಿಸುವ ಅಭ್ಯಾಸ ನಡೆಯಬೇಕು. ಮತ್ತೆ ಏರಿಕೆ, ಮತ್ತೆ ತೇಲಾಟ. ನಮ್ಮ ನಾಲ್ವರು ಇದನ್ನು 2020ರ ಜೂನ್‌ನಲ್ಲಿ ರಷ್ಯಾದ ಐಎಲ್-76 ಮಾದರಿಯ ವಿಮಾನದಲ್ಲಿ ಅಭ್ಯಸಿಸಿದರು. ದೀರ್ಘಕಾಲದ ಅಭ್ಯಾಸಕ್ಕೆ ಆಳವಾದ ಈಜುಕೊಳವನ್ನು ಬಳಸುವುದೂ ಉಂಟು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ 40 ಅಡಿ ಆಳದ ಕೊಳದಲ್ಲಿ ಬಾಹ್ಯಾಕಾಶ ನಿಲ್ದಾಣದ ಭಾಗಗಳ ಪ್ರತಿಕೃತಿಗಳನ್ನೇ ಮುಳುಗಿಸಿಡಲಾಗಿದೆ. ನೌಕೆಯಿಂದ ಹೊರಬಂದು ನಡೆಯುವವರಿಗೆ ಅದು ಬೇಕು. ಗಗನಯಾನದ ಮೊದಲ ಯಾತ್ರಿಗಳಿಗೆ ಅಂತಹ ಕಾರ್ಯಭಾರವಿಲ್ಲ.

ಕಕ್ಷೆಯಲ್ಲಿ ದೇಹ ಹೇಗೆ ವರ್ತಿಸುತ್ತದೆ? ಭೂಮಿಯಲ್ಲಿ ಕಾಲಿನತ್ತ ಇಳಿಯುವ ರಕ್ತ ಮತ್ತು ದ್ರವಗಳು ಅಲ್ಲಿ ತಲೆಯತ್ತ ಸರಿಯುತ್ತವೆ. ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕಾಲುಗಳು ಸಣ್ಣಗಾಗುತ್ತವೆ. ಮೇಲು-ಕೆಳಗುಗಳನ್ನು ತಿಳಿಸುವ ಒಳಗಿವಿಯ ಸೂಚನೆಗೂ ಕಣ್ಣು ಕಾಣುವ ನೋಟಕ್ಕೂ ತಾಳೆಯಾಗದೆ ತಲೆಸುತ್ತು, ವಾಂತಿ ಕಾಡುತ್ತವೆ. ಅರ್ಧಕ್ಕೂ ಹೆಚ್ಚು ಯಾತ್ರಿಗಳನ್ನು ಒಂದಲ್ಲ ಒಂದು ಪ್ರಮಾಣದಲ್ಲಿ ಬಾಧಿಸುವ ಈ ಕಾಯಿಲೆ ಸಾಮಾನ್ಯವಾಗಿ ಎರಡು-ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಿಂಗಳುಗಟ್ಟಲೆ ಅಲ್ಲಿರುವವರಿಗೆ ಬೇರೆಯ ಚಿಂತೆ: ವ್ಯಾಯಾಮವಿಲ್ಲದಿದ್ದರೆ ಸೊಂಟ ಮತ್ತು ತೊಡೆಯ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಅಂತೆಯೇ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಎರಡು ಗಂಟೆಗಳಷ್ಟು ವ್ಯಾಯಾಮಕ್ಕೆ ಮೀಸಲು.

ಗಗನಯಾನದ ಯೋಜಿತ ಅವಧಿ ಮೂರು ದಿನ ಎಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ದೇಹ ಅತ್ಯಂತ ಕಂಗೆಡುವ ಅವಧಿಯಲ್ಲೇ ಯಾನವೆಲ್ಲ ಮುಗಿದುಹೋಗುತ್ತದೆ. ಅಭ್ಯಾಸವಾದ ಮೇಲೆ ಕೆಲಸ ಮಾಡಿದರಾಯಿತು ಎನ್ನುವ ಅವಕಾಶ ಈ ಯಾತ್ರಿಗಳಿಗೆ ಇಲ್ಲ. ಗರಗರ ತಿರುಗುವ ಕುರ್ಚಿಯಲ್ಲಿ ಕೂರಿಸಿ ತಲೆಯನ್ನು ಅತ್ತಿತ್ತ ಆಡಿಸಲು ಹೇಳುವ, ಓರೆಯಾಗುವ ಹಲಗೆಗೆ ಕಟ್ಟಿ ನಾಡಿ ನೋಡುವ ಪರೀಕ್ಷೆಗಳನ್ನು ಕೆಲವರು ಹಿಂಸೆಯೆಂದು ತಮಾಷೆ ಮಾಡುವುದುಂಟು. ಅವುಗಳ ಪ್ರಯೋಜನ ಮೊದಲ 72 ಗಂಟೆಗಳಲ್ಲೇ ತಿಳಿಯುತ್ತದೆ.

ಹಿಮ, ಜೌಗು ಮತ್ತು ಸಮುದ್ರ

2020ರ ಫೆಬ್ರುವರಿ 10ರಂದು ನಾಲ್ವರ ತರಬೇತಿ ಮಾಸ್ಕೊ ಸಮೀಪದ ಸ್ಟಾರ್ ಸಿಟಿಯಲ್ಲಿರುವ ಯೂರಿ ಗಗಾರಿನ್ ತರಬೇತಿ ಕೇಂದ್ರದಲ್ಲಿ ಆರಂಭವಾಯಿತು. ಶರ್ಮಾ ಮತ್ತು ಮಲ್ಹೋತ್ರಾ ಸುಮಾರು 18 ತಿಂಗಳು ಕಳೆದದ್ದೂ ಅಲ್ಲಿಯೇ. ಹೋದೊಡನೆ ನಮ್ಮವರನ್ನು ಕರೆದೊಯ್ದದ್ದು ಪಾಠದ ಕೊಠಡಿಗಲ್ಲ, ಹಿಮ ಮುಚ್ಚಿದ ಕಾಡು ಮತ್ತು ಜೌಗಿಗೆ. ನೌಕೆ ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೋ ಇಳಿದರೆ ನೆರವು ಬರುವವರೆಗೆ ಬದುಕುಳಿಯುವ ಅಭ್ಯಾಸವದು. ಬೆಂಕಿ ಹೊತ್ತಿಸುವುದು, ಧುಮುಕುಕೊಡೆಯ ಬಟ್ಟೆಯಿಂದ ಆಸರೆ ಕಟ್ಟಿಕೊಳ್ಳುವುದು, ಗಾಯಗೊಂಡ ಜೊತೆಗಾರನನ್ನು ಹೊತ್ತು ಸಾಗಿಸುವುದು ಇಂತಹ ಅಭ್ಯಾಸದ ಅಂಗಗಳು.

ಬಿಸಿಲನಾಡಿನವರಿಗೆ ಇದೇಕೆ ಎನ್ನುವವರು 1965ರ ಮಾರ್ಚ್ ತಿಂಗಳ ಪ್ರಸಂಗವನ್ನು ಗಮನಿಸಬೇಕು. ಮೊತ್ತಮೊದಲ ಬಾಹ್ಯಾಕಾಶ ನಡಿಗೆ ಮುಗಿಸಿ ಮರಳುತ್ತಿದ್ದ ಅಲೆಕ್ಸಿ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಅವರ ನೌಕೆ ಗುರಿ ತಪ್ಪಿ ಉರಲ್ ಪ್ರದೇಶದ ದಟ್ಟ ಹಿಮಾರಣ್ಯಕ್ಕೆ ಇಳಿಯಿತು. ಹೆಲಿಕಾಪ್ಟರ್ ಇಳಿಯಲು ಅಲ್ಲಿ ಜಾಗವಿರಲಿಲ್ಲ. ಇಬ್ಬರೂ ಎರಡು ರಾತ್ರಿಗಳನ್ನು ಕಾಡಿನಲ್ಲೇ ಕಳೆಯಬೇಕಾಯಿತು. ಅಂದಿನಿಂದ ಈ ಪಾಠ ರಷ್ಯಾದಲ್ಲಿ ಯಾರಿಗೂ ತಪ್ಪಿಲ್ಲ.

ಮಾರ್ಚ್ ಅಂತ್ಯದಲ್ಲಿ ಕೊರೊನಾ ಸೋಂಕಿನ ಕಾರಣ ತರಬೇತಿ ನಿಂತಿತು. ಮೇ 12ರಂದು ಮತ್ತೆ ಆರಂಭವಾಯಿತು. ಜೂನ್‌ನಲ್ಲಿ ನೀರಿಗೆ ಇಳಿದಾಗ ಪಾರಾಗುವ ಬಗೆ, ಜುಲೈನಲ್ಲಿ ಬಯಲುಸೀಮೆಯಲ್ಲಿ ಇಳಿದಾಗ ಮಾಡಬೇಕಾದ ಕ್ರಮ ಹಾಗೂ ಹಗ್ಗದ ಮೂಲಕ ಹೆಲಿಕಾಪ್ಟರಿಗೆ ಏರುವ ಅಭ್ಯಾಸ ನಡೆದವು. ಅಲ್ಲಿನ ತರಬೇತಿ ಮುಗಿದದ್ದು 2021ರ ಮಾರ್ಚ್‌ನಲ್ಲಿ. ಗಗನಯಾನದ ಕೋಶವು ಸಮುದ್ರಕ್ಕೇ ಇಳಿಯುವುದರಿಂದ ನೀರಿನ ಪಾಠ ಭಾರತದಲ್ಲಿಯೂ ಮುಂದುವರಿಯಬೇಕಾದದ್ದು. ಕೋಶವನ್ನು ಮೇಲೆತ್ತುವ ತಂಡಗಳಿಗೆ ಕೊಚ್ಚಿಯ ನೌಕಾನೆಲೆಯಲ್ಲಿರುವ ಜಲರಕ್ಷಣಾ ತರಬೇತಿ ಸೌಕರ್ಯದಲ್ಲಿ ಅಭ್ಯಾಸ ನೀಡಲಾಗಿದೆ.

ಗಗನಯಾತ್ರಿಯ ಪಠ್ಯಕ್ರಮದಲ್ಲಿ ಹೆಚ್ಚಿನ ಪಾಲು ಎಂದೂ ಸಂಭವಿಸದಿರಲಿ ಎಂದು ಹಾರೈಸುವ ಸಂಗತಿಗಳಿಗೇ ಮೀಸಲಾಗಿದೆ. ಎಲ್ಲವೂ ಸರಿಯಾಗಿ ನಡೆದರೆ ನೌಕೆ ಬಹುಮಟ್ಟಿಗೆ ತನ್ನಷ್ಟಕ್ಕೇ ಹಾರುತ್ತದೆ, ತನ್ನಷ್ಟಕ್ಕೇ ಇಳಿಯುತ್ತದೆ. ಬೆಂಕಿ, ಗಾಳಿ ಸೋರಿಕೆ, ವಿಷಾನಿಲ, ಸ್ತಬ್ಧಗೊಂಡ ಗಣಕಯಂತ್ರ, ಕೈಕೊಟ್ಟ ಸಂಪರ್ಕ - ಇವುಗಳಿಗೆ ಉತ್ತರ ಕೊಡಲು ಮನುಷ್ಯ ಬೇಕು. ನೌಕೆಯ ಪ್ರತಿಕೃತಿಯೊಳಗೆ ಯಾತ್ರಿಗಳನ್ನು ಕೂರಿಸಿ, ಹೊರಗಿನಿಂದ ಬೋಧಕರು ಒಂದರ ಮೇಲೊಂದು ತೊಂದರೆಗಳನ್ನು ತಂದೊಡ್ಡುತ್ತ ಹೋಗುತ್ತಾರೆ. ಯಾವ ಗುಂಡಿ ಒತ್ತಬೇಕು ಎಂಬುದಕ್ಕಿಂತ ಯಾವುದನ್ನು ಮುಟ್ಟಬಾರದು ಎಂಬುದು ಅಲ್ಲಿನ ದೊಡ್ಡ ಪಾಠ.

2018ರ ಅಕ್ಟೋಬರ್ 11ರಂದು ಈ ಅಭ್ಯಾಸದ ಬೆಲೆ ಏನೆಂಬುದು ಲೋಕಕ್ಕೆ ತಿಳಿಯಿತು. ಅಲೆಕ್ಸಿ ಒವ್‌ಚಿನಿನ್ ಮತ್ತು ನಿಕ್ ಹೇಗ್ ಇದ್ದ ಸೊಯುಜ್ ರಾಕೆಟ್ ಮೇಲೇರಿದ ಎರಡೇ ನಿಮಿಷಗಳಲ್ಲಿ ವಿಫಲವಾಯಿತು. ರಕ್ಷಣಾ ವ್ಯವಸ್ಥೆ ಕೋಶವನ್ನು ರಾಕೆಟ್ಟಿನಿಂದ ಬೇರ್ಪಡಿಸಿತು. 6.7 ಜಿ ಭಾರವನ್ನು ತಾಳಿಕೊಂಡು ಇಬ್ಬರೂ ಕಜಕಸ್ತಾನದ ನೆಲಕ್ಕೆ ಸುರಕ್ಷಿತವಾಗಿ ಇಳಿದರು. ಐದು ತಿಂಗಳ ಬಳಿಕ ಅದೇ ಇಬ್ಬರು ಮತ್ತೆ ಹಾರಿದರು. ಗಗನಯಾನಕ್ಕೂ ಇಂತಹ ಪಾರುಗಾಣಿಕೆ ವ್ಯವಸ್ಥೆ ಇದೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಮಾನವರಹಿತ ಕೋಶವೊಂದನ್ನು ಹಾರಿಸಿ ಅದನ್ನು ಪರೀಕ್ಷಿಸಲಾಯಿತು.

ಬೆಂಗಳೂರಿನ ಪಾಠಶಾಲೆ, ಮೈಸೂರಿನ ಅಡುಗೆಮನೆ

ರಷ್ಯಾದಿಂದ ಮರಳಿದ ನಾಲ್ವರಿಗೆ ಬೆಂಗಳೂರಿನ ಇಸ್ರೊ ತರಬೇತಿ ಸೌಕರ್ಯದಲ್ಲಿ ಮುಂದಿನ ಅಧ್ಯಯನ ಆರಂಭವಾಯಿತು. ಸೊಯುಜ್ ನೌಕೆಯನ್ನು ಬಲ್ಲವನಿಗೆ ಗಗನಯಾನದ ನೌಕೆ ತಿಳಿದಿರಬೇಕೆಂದೇನೂ ಇಲ್ಲ. ಕಾಡಿನಲ್ಲಿ ಬದುಕುವ ವಿದ್ಯೆಯನ್ನು ಹೊರಗಿನಿಂದ ಕಲಿಯಬಹುದು. ತನ್ನ ನೌಕೆಯನ್ನು ಅದನ್ನು ಕಟ್ಟಿದವರಿಂದಲೇ ಕಲಿಯಬೇಕು. ಕಾಲೇಜಿನಂತೆ ಸೆಮಿಸ್ಟರುಗಳಾಗಿ ವಿಂಗಡಿಸಿದ ಈ ಪಾಠಕ್ರಮದಲ್ಲಿ ಎಂಜಿನಿಯರಿಂಗ್ ವಿಷಯಗಳು, ನೌಕೆಯ ಒಳವ್ಯವಸ್ಥೆ, ವೈದ್ಯಕೀಯ, ದೈಹಿಕ ಕಸರತ್ತು, ಯೋಗ, ವಿಮಾನ ಹಾರಾಟ ಎಲ್ಲವೂ ಇವೆ. ಯೋಗದ ನಂಟು ಹಳೆಯದು. 1984ರ ಏಪ್ರಿಲ್ 3ರಂದು ಹಾರಿ ಸಲ್ಯೂತ್-7 ನಿಲ್ದಾಣದಲ್ಲಿ ವಾಸಿಸಿ 11ರಂದು ಮರಳಿದ ಶರ್ಮಾ, ತೂಕರಹಿತ ಸ್ಥಿತಿಯಲ್ಲಿ ಯೋಗಾಸನಗಳಿಂದ ದೇಹಕ್ಕೆ ಪ್ರಯೋಜನವಾಗುವುದೇ ಎಂಬ ಪ್ರಯೋಗ ನಡೆಸಿದ್ದರು. ಆಸನ ಹಾಕಲು ನೆಲವೇ ಇಲ್ಲದ ಕಡೆ ದೇಹವನ್ನು ಪಟ್ಟಿಗಳಿಂದ ಹಿಡಿದಿಡಬೇಕಾಗುತ್ತಿತ್ತು.

ಶರ್ಮಾ ಅವರ ಬುತ್ತಿ ಕಟ್ಟಿದ್ದು ಮೈಸೂರು. ಸೈನಿಕರ ಆಹಾರಕ್ಕಾಗಿ 1961ರಲ್ಲಿ ಅಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್ ಎಂದೇ ಪರಿಚಿತವಾದ ಸಂಸ್ಥೆ, ಅವರಿಗೆ ರವೆ ಹಲ್ವ, ಪಲಾವ್‌ನಂತಹ ತಿನಿಸುಗಳನ್ನು ಸಿದ್ಧಪಡಿಸಿತ್ತು. ಗಗನಯಾನಕ್ಕೂ ಇದೇ ಪ್ರಯೋಗಾಲಯ ಆಹಾರ ತಯಾರಿಸಿದೆ. 2020ರಲ್ಲಿ ಪ್ರಕಟವಾದ ತಿನಿಸುಗಳ ಪಟ್ಟಿಯಲ್ಲಿ ಇಡ್ಲಿ, ಸಾಂಬಾರ್, ತೆಂಗಿನಕಾಯಿ ಚಟ್ನಿ, ಹೆಸರುಬೇಳೆ ಹಲ್ವ ಇದ್ದುವು. ಕಕ್ಷೆಯ ಅಡುಗೆಗೆ ಎರಡು ವಿರೋಧಿಗಳು: ಪುಡಿ ಮತ್ತು ಹನಿ. ಉದುರಿದ ಚೂರು ನೆಲಕ್ಕೆ ಬೀಳದೆ ಗಾಳಿಯಲ್ಲಿ ತೇಲಿ ಯಂತ್ರದ ಸಂದಿಗೋ ಯಾತ್ರಿಯ ಕಣ್ಣಿಗೋ ಸೇರಿಕೊಳ್ಳುತ್ತದೆ. ಆದ್ದರಿಂದ ಸಾರು-ಚಟ್ನಿಗಳನ್ನು ಒಣಗಿಸಿ ಪೊಟ್ಟಣದಲ್ಲಿಟ್ಟು, ಬೇಕಾದಾಗ ನೀರು ಬೆರೆಸಿ ಸವಿಯಬೇಕು. ಮೂಗು ಕಟ್ಟಿರುವುದರಿಂದ ರುಚಿಯೂ ಮಂದವಾಗಿರುತ್ತದೆ. ಖಾರ-ಮಸಾಲೆಯ ತಿನಿಸಿಗೆ ಅಲ್ಲಿ ಬೇಡಿಕೆ ಹೆಚ್ಚು ಎಂಬುದನ್ನು ಕೇಳಿ ನಮ್ಮ ಅಡುಗೆಯವರು ಹಿಗ್ಗಬಹುದು.

ಶೌಚ, ನಿದ್ದೆ, ಸ್ನಾನಗಳನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ. ಅಲ್ಲಿನ ಶೌಚ ವ್ಯವಸ್ಥೆ ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ. ಮಲಗುವುದೆಂದರೆ ಗೋಡೆಗೆ ಕಟ್ಟಿದ ಚೀಲದೊಳಗೆ ಸೇರಿಕೊಳ್ಳುವುದು. ಗಾಳಿಯಾಡದ ಮೂಲೆಯಲ್ಲಿ ಮಲಗಿದರೆ ತಾನೇ ಬಿಟ್ಟ ಉಸಿರು ಮುಖದ ಸುತ್ತ ಮಡುಗಟ್ಟಿ ತಲೆನೋವು ತರುತ್ತದೆ. ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವುದರಿಂದ ದಿನಕ್ಕೆ 16 ಬಾರಿ ಸೂರ್ಯೋದಯ. ಹಗಲು-ರಾತ್ರಿಗಳನ್ನು ಗಡಿಯಾರವೇ ನಿರ್ಧರಿಸಬೇಕು.

ದೇಹದ ಕಷ್ಟಕ್ಕಿಂತ ಜೊತೆಗಾರರೊಡನೆ ಹೊಂದಿ ಬಾಳುವುದು ಸುಲಭವೆಂದು ತಿಳಿಯಬಾರದು. 2025ರ ಜುಲೈನಲ್ಲಿ ಅಂಗದ್ ಪ್ರತಾಪ್ ಮತ್ತು ಇನ್ನಿಬ್ಬರು ವಿಮಾನಪುರದ ಸಂಸ್ಥೆಯಲ್ಲಿ ನೌಕೆಯ ಪ್ರತಿಕೃತಿಯೊಳಗೆ 10 ದಿನ ಕಳೆದರು. ಹೊರಗಿನ ಸಂಪರ್ಕ ಮಿತವಾಗಿತ್ತು, ಪೊಟ್ಟಣದ ಊಟ, ಕೊಟ್ಟ ಕೆಲಸಗಳನ್ನು ವೇಳೆಗೆ ಸರಿಯಾಗಿ ಮುಗಿಸಬೇಕಿತ್ತು. ನಾಲ್ಕು ದಶಕಗಳ ಹಿಂದೆ ಶರ್ಮಾ ಒಬ್ಬರೇ 72 ಗಂಟೆ ಕಳೆದ ಅದೇ ಊರಿನಲ್ಲಿ ಈ ಬಾರಿ ಮೂವರನ್ನು ಒಟ್ಟಿಗೆ ಕೂಡಿಹಾಕಲಾಗಿತ್ತು. ಒಂಟಿತನಕ್ಕಿಂತ ಒತ್ತೊತ್ತಾಗಿ ಬದುಕುವುದೇ ಕಠಿಣ ಪರೀಕ್ಷೆ ಎಂಬುದು ಒಂದೇ ಕೋಣೆಯ ಮನೆಯಲ್ಲಿ ಬೆಳೆದವರಿಗೆ ಹೊಸದಾಗಿ ಹೇಳಬೇಕಾದ ಮಾತೇನಲ್ಲ.

ಸಿದ್ಧರಾಗಿಯೂ ಹಾರದವರು

ಪ್ರತಿಯೊಬ್ಬ ಯಾತ್ರಿಯ ಹಿಂದೆ ಅಷ್ಟೇ ಸಿದ್ಧತೆ ಮಾಡಿಕೊಂಡ ಮತ್ತೊಬ್ಬನಿರುತ್ತಾನೆ. 1970ರಲ್ಲಿ ಅಪೊಲೊ-13 ಹಾರುವ ಕೆಲವೇ ದಿನಗಳ ಮುಂಚೆ ಕೆನ್ ಮ್ಯಾಟಿಂಗ್ಲಿ ಅವರಿಗೆ ದಡಾರದಂತಹ ಸೋಂಕು ತಗಲಿರಬಹುದೆಂಬ ಶಂಕೆಯಿಂದ ಅವರ ಜಾಗದಲ್ಲಿ ಜ್ಯಾಕ್ ಸ್ವಿಗರ್ಟ್ ಅವರನ್ನು ಕಳುಹಿಸಲಾಯಿತು. ಬದಲಿ ಯಾತ್ರಿಯ ಸಿದ್ಧತೆ ಅಷ್ಟರಮಟ್ಟಿಗೆ ಇರಬೇಕು. 1984ರಲ್ಲಿ ರವೀಶ್ ಮಲ್ಹೋತ್ರಾ ಆ ಸ್ಥಾನದಲ್ಲಿದ್ದರು. ರಷ್ಯನ್ ಭಾಷೆ, ಸೆಂಟ್ರಿಫ್ಯೂಜ್, ಹಿಮದ ಕಾಡು ಎಲ್ಲವನ್ನೂ ಶರ್ಮಾ ಅವರಷ್ಟೇ ದಾಟಿದ ಅವರು ನೆಲದಲ್ಲೇ ಉಳಿದರು. ಶರ್ಮಾ ಅವರಿಗೆ ಅಶೋಕ ಚಕ್ರ ದೊರೆತಾಗ ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರ ಸಂದಿತು. ಸೇವೆಯಿಂದ ನಿವೃತ್ತರಾದ ಮೇಲೆ ಅವರು ಬೆಂಗಳೂರಿನ ಡೈನಮ್ಯಾಟಿಕ್ ಸಂಸ್ಥೆಯ ವೈಮಾನಿಕ ವಿಭಾಗದಲ್ಲಿ ದುಡಿದರು. ಶರ್ಮಾ ಅವರೂ ಮುಂದೆ ಬೆಂಗಳೂರಿನಲ್ಲಿ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಚಾಲಕರಾಗಿದ್ದರು.

ಕನ್ನಡಿಗರು ಹೆಚ್ಚಾಗಿ ನೆನೆಯದ ಇನ್ನೊಂದು ಹೆಸರಿದೆ. ಉತ್ತರ ಕನ್ನಡದ ಶಿರಸಿಯಲ್ಲಿ ಜನಿಸಿದ ನಾಗಪತಿ ಚಿದಂಬರ ಭಟ್ ಇಸ್ರೊದ ಎಂಜಿನಿಯರ್. ಇನ್‌ಸ್ಯಾಟ್-1ಸಿ ಉಪಗ್ರಹವನ್ನು ಅಮೆರಿಕದ ಸ್ಪೇಸ್ ಶಟಲ್ ಕೊಂಡೊಯ್ಯಬೇಕಿದ್ದ ಯಾನಕ್ಕಾಗಿ 1985ರಲ್ಲಿ ಅವರನ್ನೂ ತಿರುವನಂತಪುರದ ಪಿ. ರಾಧಾಕೃಷ್ಣನ್ ನಾಯರ್ ಅವರನ್ನೂ ಆರಿಸಲಾಗಿತ್ತು. ಇಬ್ಬರಲ್ಲಿ ಒಬ್ಬರು ಹಾರಬೇಕಿತ್ತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಮಂದಿಯೊಡನೆ ಆಕಾಶದಲ್ಲೇ ನಾಶವಾಯಿತು. ಶಟಲ್ ಹಾರಾಟಗಳು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನಿಂತುಹೋದವು. ಉಪಗ್ರಹ 1988ರ ಜುಲೈನಲ್ಲಿ ಐರೋಪ್ಯರ ಏರಿಯಾನ್ ರಾಕೆಟ್ ಏರಿ ಕಕ್ಷೆಗೆ ಹೋಯಿತು. ಅದರೊಡನೆ ಮನುಷ್ಯರು ಹೋಗುವ ಅಗತ್ಯ ಉಳಿದಿರಲಿಲ್ಲ. ರಾಕೇಶ್ ಶರ್ಮಾ ಅವರ ಬಳಿಕ ಎರಡನೆಯ ಹೆಸರು ಸೇರಲು ದೇಶ 41 ವರ್ಷ ಕಾಯಬೇಕಾಯಿತು.

ಆ ಹೆಸರು ಶುಭಾಂಶು ಶುಕ್ಲಾ ಅವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದ ಅವರನ್ನು ಆಕ್ಸಿಯಂ-4 ಯಾನಕ್ಕೆ ಆರಿಸಿ, ಪ್ರಶಾಂತ್ ನಾಯರ್ ಅವರನ್ನು ಬದಲಿ ಯಾತ್ರಿಯೆಂದು ಗೊತ್ತುಪಡಿಸಲಾಯಿತು. 2024ರ ಆಗಸ್ಟ್‌ನಿಂದ ಇಬ್ಬರಿಗೂ ಅಮೆರಿಕದಲ್ಲಿ ತರಬೇತಿ ನಡೆಯಿತು. ಈ ಯಾನಕ್ಕೆ ಭಾರತ ಸುಮಾರು 550 ಕೋಟಿ ರೂಪಾಯಿ ವ್ಯಯಿಸಿತು. ಒಬ್ಬನ ಪ್ರಯಾಣಕ್ಕೆ ಇಷ್ಟೊಂದು ಹಣವೇ ಎಂಬ ಪ್ರಶ್ನೆ ಎದ್ದದ್ದು ಸಹಜ. ಆದರೆ ಮನುಷ್ಯನನ್ನು ಕಳುಹಿಸಿ ಅನುಭವವಿಲ್ಲದ ದೇಶ, ತನ್ನ ಸ್ವಂತ ನೌಕೆಯನ್ನು ಹಾರಿಸುವ ಮುನ್ನ ತನ್ನವನೊಬ್ಬನನ್ನು ಅಲ್ಲಿಗೆ ಕಳುಹಿಸಿ ಕಲಿತದ್ದನ್ನು ದುಂದೆನ್ನಲಾಗದು. ದೇವನಹಳ್ಳಿಯ ಕೇಂದ್ರ ಅಂದೇ ಆಗಿದ್ದರೂ ಈ ಪಾಠ ಇಲ್ಲಿ ದೊರೆಯುತ್ತಿರಲಿಲ್ಲ. ಉಳಿದ ಹಲವು ಪಾಠಗಳಿಗೆ ಮಾತ್ರ ವರ್ಷಗಟ್ಟಲೆ ಪರದೇಶದಲ್ಲಿ ಇರಬೇಕಾಗುತ್ತಿರಲಿಲ್ಲ.

ಕೊನೆಯ ಪರೀಕ್ಷೆ ಕಾಯುವುದು. ಸೋಂಕು ತಗಲದಂತೆ ಯಾತ್ರಿಗಳನ್ನು 2025ರ ಮೇ 25ರಂದು ಪ್ರತ್ಯೇಕವಾಸಕ್ಕೆ ಒಳಪಡಿಸಲಾಯಿತು. ಹವಾಮಾನ, ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ, ನಿಲ್ದಾಣದ ದುರಸ್ತಿ ಎಂದು ಉಡಾವಣೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಅವರು ಹಾರಿದ್ದು ಸರಿಯಾಗಿ ಒಂದು ತಿಂಗಳ ಬಳಿಕ, ಜೂನ್ 25ರಂದು. ನಿಲ್ದಾಣದಲ್ಲಿ 18 ದಿನ ಕಳೆದ ಶುಕ್ಲಾ ಅಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆಯೊಡೆಸಿದರು. ಸ್ನಾಯುಕೋಶಗಳನ್ನು ಕುರಿತ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗವೂ ಅವರ ಕೈಯಲ್ಲಿತ್ತು. ಜೊತೆಯಲ್ಲಿ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಒಯ್ದಿದ್ದರು.

ಮರಳಿದವರ ಪಾಡು

ಕೋಶ 2025ರ ಜುಲೈ 15ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಪೆಸಿಫಿಕ್ ಸಾಗರಕ್ಕೆ ಇಳಿಯಿತು. ಮರಳಿದವನ ರಕ್ತಪರಿಚಲನೆ ಭೂಮಿಯ ಸೆಳೆತವನ್ನು ಮರೆತಿರುತ್ತದೆ. ಎದ್ದು ನಿಂತೊಡನೆ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ಈ ಕಾರಣದಿಂದ ಇಳಿಯುವ ಮುಂಚೆ ಉಪ್ಪು ಬೆರೆತ ದ್ರವ ಕುಡಿಸುವ, ಇಳಿದ ಮೇಲೆ ಆಧಾರ ಕೊಟ್ಟು ನಡೆಸುವ ಪದ್ಧತಿಯಿದೆ. ಒಂದು ವಾರದ ಪುನಶ್ಚೇತನದಲ್ಲಿ ವೈದ್ಯರು ಹೃದಯ, ಸ್ನಾಯು, ಸಮತೋಲನಗಳನ್ನು ದಿನವೂ ಅಳೆಯುತ್ತಾರೆ. ಕಕ್ಷೆ ತಲುಪಿದ ಮೊದಲಲ್ಲಿ ತಾನು ಮಗುವಿನಂತೆ ನಡೆಯುವುದನ್ನೂ ತಿನ್ನುವುದನ್ನೂ ಹೊಸದಾಗಿ ಕಲಿಯುತ್ತಿರುವುದಾಗಿ ಹೇಳಿದ್ದ ಶುಕ್ಲಾ, ಈಗ ಅದನ್ನೆಲ್ಲ ಮರೆಯುವುದನ್ನು ಕಲಿಯಬೇಕಾಯಿತು. ಕೈಗೆತ್ತಿಕೊಂಡ ಮೊಬೈಲ್ ಫೋನು ಅವರಿಗೆ ಭಾರವೆನಿಸಿತಂತೆ. ಹಾಸಿಗೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪನ್ನು ಮುಚ್ಚಿ, ಅದು ತೇಲುತ್ತ ನಿಲ್ಲುತ್ತದೆಂದು ಭಾವಿಸಿ ಪಕ್ಕದ ಗಾಳಿಗೆ ಒಪ್ಪಿಸಿಬಿಟ್ಟರು. ನೆಲಕ್ಕೆ ಬೀಳುವ ಸದ್ದು ಕೇಳಿದ ಮೇಲೆಯೇ ತಾವು ಭೂಮಿಯಲ್ಲಿದ್ದೇವೆಂಬುದು ನೆನಪಾಗಿದ್ದು.